ಕುರ್ಚಿಯೋ, ಮೆಟ್ಟಿಲೋ, ಬ್ಯಾಂಡೋ, ಜಿಮ್ಮೋ: ಅರವತ್ತು ದಾಟಿದವರ ಪವರ್ ತರಬೇತಿಗೆ ಯಾವುದು ಹೊಂದುತ್ತದೆ?

"ಅಪ್ಪನಿಗೆ 72. ಬೆಳಿಗ್ಗೆ ನಾಲ್ಕು ಕಿಲೊಮೀಟರ್ ವಾಕಿಂಗ್ ಒಂದು ದಿನಾನೂ ತಪ್ಪಿಸಲ್ಲ. ಆದರೂ ಸೋಫಾದಿಂದ ಏಳುವಾಗ ಕೈ ಊರ್ತಾರೆ, ಬಸ್ಸಿನ ಮೆಟ್ಟಿಲು ಹತ್ತೋಕೆ ಕಂಬಿ ಹಿಡಿದು ಮೈ ಎಳೆದುಕೊಳ್ತಾರೆ. ಜಿಮ್‌ಗೆ ಸೇರಿಸಬೇಕಾ, ಮನೇಲೇ ಆ ರಬ್ಬರ್ ಬ್ಯಾಂಡ್ ತಂದುಕೊಟ್ಟರೆ ಸಾಕಾ, ಇಲ್ಲ ಮೆಟ್ಟಿಲು ಹತ್ತಿ ಇಳಿದರೆ ಆಗುತ್ತಾ?" ಮಾತು ಬೇರೆಬೇರೆಯಾದರೂ ಕೇಳುವವರ ಗೊಂದಲ ಇದೇ.

ವಾಕಿಂಗ್ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ಕುರ್ಚಿಯಿಂದ ಏಳುವುದಕ್ಕೆ ಬೇಕಾದದ್ದು ಬೇರೆ. ಎಷ್ಟು ಭಾರ ಎತ್ತಬಲ್ಲಿರಿ ಎಂಬುದು ಬಲ. ಅದೇ ಭಾರವನ್ನು ಎಷ್ಟು ಬೇಗ ಎತ್ತಬಲ್ಲಿರಿ ಎಂಬುದು ಪವರ್. ಶಾಲೆಯ ಭೌತಶಾಸ್ತ್ರದಲ್ಲಿ ಅದನ್ನೇ ‘ಸಾಮರ್ಥ್ಯ’ ಎಂದು ಓದಿದ್ದೇವೆ: ಬಲವನ್ನು ವೇಗದಿಂದ ಗುಣಿಸಿದರೆ ಬರುವುದು. ವಯಸ್ಸಾದಂತೆ ಮೊದಲು ಸೊರಗುವುದು ಸ್ನಾಯುವಿನ ವೇಗದ ಎಳೆಗಳು. ಅವುಗಳಿಗೆ ಸುದ್ದಿ ಮುಟ್ಟಿಸುವ ನರಗಳೂ ಜೊತೆಗೇ ಕಡಿಮೆಯಾಗುತ್ತವೆ. ಹಾಗಾಗಿ 65 ದಾಟಿದ ಮೇಲೆ ಬಲ ವರ್ಷಕ್ಕೆ ಶೇ 1ರಿಂದ 2ರಷ್ಟು ಇಳಿದರೆ ಪವರ್ ಶೇ 3ರ ಆಸುಪಾಸಿನಲ್ಲಿ ಇಳಿಯುತ್ತದೆ. ಹೊಸ್ತಿಲಿಗೆ ಕಾಲು ತಗುಲಿ ಮುಗ್ಗರಿಸಿದಾಗ ಇನ್ನೊಂದು ಕಾಲನ್ನು ಅರೆಕ್ಷಣದಲ್ಲಿ ಮುಂದಿಟ್ಟವರು ಉಳಿದುಕೊಳ್ಳುತ್ತಾರೆ. ನಿಧಾನವಾಗಿ ಎಷ್ಟೇ ಭಾರ ಎತ್ತಬಲ್ಲವರಾದರೂ ಆ ಅರೆಕ್ಷಣ ತಪ್ಪಿದರೆ ಬಿದ್ದರು.

ಈ ರಭಸವನ್ನು ಅಭ್ಯಾಸದಿಂದ ಮರಳಿ ಪಡೆಯಬಹುದು. ಎಲ್ಲ ಸಲಕರಣೆಗೂ ಒಂದೇ ಸೂತ್ರ: ಎತ್ತುವಾಗ ಆದಷ್ಟು ಬೇಗ, ಇಳಿಸುವಾಗ ಎರಡು ಮೂರು ಸೆಕೆಂಡು ತೆಗೆದುಕೊಂಡು. ಯಾವುದರಿಂದ ಮಾಡುವುದು ಎಂಬ ಪ್ರಶ್ನೆ ಅದರ ನಂತರದ್ದು.

## ಆರಿಸುವ ಮುನ್ನ ಐದು ಸಲ ಎದ್ದು ಕೂರಿ

ಸುಮಾರು 43 ಸೆಂಟಿಮೀಟರ್, ಅಂದರೆ 17 ಅಂಗುಲ ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಆದಷ್ಟು ಬೇಗ ಐದು ಸಲ ಎದ್ದು ಕೂರಿ. ಐದನೇ ಸಲ ನೆಟ್ಟಗೆ ನಿಂತಾಗ ನಿಲ್ಲಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಏಷ್ಯಾದ ತಜ್ಞರ ತಂಡವೊಂದು 2019ರಲ್ಲಿ ಹಾಕಿದ ಗೆರೆ 12 ಸೆಕೆಂಡು. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಕ್ಷಮತೆ ತಗ್ಗಿದೆ ಎಂದು ಲೆಕ್ಕ. ಯುರೋಪಿನವರ ಗೆರೆ 15 ಸೆಕೆಂಡು.

ಪವರನ್ನೇ ಸಂಖ್ಯೆಯಲ್ಲಿ ನೋಡುವ ಆಸೆಯಿದ್ದರೆ ಒಂದು ಲೆಕ್ಕವಿದೆ. ದೇಹತೂಕದ ಶೇ 90ನ್ನು 9.81ರಿಂದ ಗುಣಿಸಿ. ನಿಮ್ಮ ಎತ್ತರದ ಅರ್ಧದಲ್ಲಿ ಕುರ್ಚಿಯ ಎತ್ತರ ಕಳೆದು, ಉಳಿದ ಮೀಟರಿನಿಂದ ಮತ್ತೆ ಗುಣಿಸಿ. ಬಂದದ್ದನ್ನು, ಒಂದು ಸಲ ಎದ್ದು ಕೂರಲು ಹಿಡಿದ ಸಮಯದ ಅರ್ಧದಿಂದ ಭಾಗಿಸಿ. 60 ಕಿಲೊ ತೂಕ, 158 ಸೆಂಟಿಮೀಟರ್ ಎತ್ತರದವರು 43 ಸೆಂಟಿಮೀಟರ್ ಕುರ್ಚಿಯಿಂದ ಐದು ಸಲಕ್ಕೆ 16 ಸೆಕೆಂಡು ತೆಗೆದುಕೊಂಡರೆ ಸುಮಾರು 119 ವ್ಯಾಟ್. ಅವರೇ 12 ಸೆಕೆಂಡಿಗೆ ಇಳಿದರೆ 159 ವ್ಯಾಟ್. ತೂಕ ಅದೇ, ಕಾಲು ಅದೇ. ಬದಲಾದದ್ದು ವೇಗ ಮಾತ್ರ.

ಕೈ ಊರದೆ ಒಂದು ಸಲವೂ ಏಳಲಾಗದಿದ್ದರೆ ಅದೂ ಒಂದು ಫಲಿತಾಂಶವೇ. ಅಂಥವರಿಗೆ ಕೆಳಗಿನ ಆಯ್ಕೆಗಳಲ್ಲಿ ಅರ್ಧದಷ್ಟು ಈಗಲೇ ಹೊರಗೆ.

## ಯಾವ ಅಳತೆಗೋಲು

ಜಾಹೀರಾತು ನೋಡಿ ಸಲಕರಣೆ ಕೊಳ್ಳುವ ಮೊದಲು ಐದು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ಹೆದರದೆ ವೇಗವಾಗಿ ಮಾಡಲು ಆಗುತ್ತದೆಯೇ? ಸೊಂಟ, ಮಂಡಿ, ಪಾದದ ಕೀಲು ಮೂರನ್ನೂ ನೆಟ್ಟಗಾಗಿಸುವ ಸ್ನಾಯುಗಳಿಗೆ ಕೆಲಸ ಸಿಗುತ್ತದೆಯೇ? ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸಿ ಬರೆದಿಡಬಹುದೇ? ಮನೆಯಲ್ಲಿ ಒಬ್ಬರೇ ಇದ್ದಾಗ ತಪ್ಪಿದರೆ ಏನಾಗುತ್ತದೆ? ಖರ್ಚು ಮತ್ತು ಓಡಾಟ ಆರು ತಿಂಗಳು ತಡೆಯುವಂಥದ್ದೇ?

ಮೊದಲನೆಯದೇ ಮುಖ್ಯ. ವೇಗವಾಗಿ ಮಾಡಲು ಹೆದರಿಕೆಯಾಗುವ ಸಲಕರಣೆಯಲ್ಲಿ ಮನಸ್ಸು ತಾನಾಗಿಯೇ ಬ್ರೇಕ್ ಹಾಕುತ್ತದೆ, ಪವರ್ ತರಬೇತಿ ಮಾಮೂಲಿ ಕಸರತ್ತಾಗುತ್ತದೆ.

ಭಾರದ ವಿಷಯದಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಿಡ್ನಿಯಲ್ಲಿ 112 ಹಿರಿಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬರು ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದ ಶೇ 20, 50, 80 ಎಂದು ಮೂರು ಗುಂಪು ಮಾಡಿ ವೇಗವಾಗಿ ಎತ್ತಿಸಿದರು. ಪವರ್ ಮೂರರಲ್ಲೂ ಹೆಚ್ಚೂಕಡಿಮೆ ಒಂದೇ ಸಮ ಏರಿತು. ಬಲ ಹೆಚ್ಚು ಬಂದದ್ದು ಹೆಚ್ಚು ಭಾರ ಎತ್ತಿದವರಿಗೆ. ಸಮತೋಲ ಹೆಚ್ಚು ಸುಧಾರಿಸಿದ್ದು ಹಗುರ ಭಾರದವರಿಗೆ. ಕುರ್ಚಿ, ಮೆಟ್ಟಿಲಿನಂಥ ಮನೆಯ ವ್ಯಾಯಾಮವನ್ನು ಕೀಳೆಂದು ನೋಡಬೇಕಾಗಿಲ್ಲ ಎನ್ನಲು ಇಷ್ಟು ಸಾಕು.

## ಕುರ್ಚಿ: ಹತ್ತರಲ್ಲಿ ಏಳು ಜನಕ್ಕೆ ಇಲ್ಲಿಂದಲೇ ಶುರು

ಆ ಏಳು ಎಂಬುದು ಅಂದಾಜಿನ ಮಾತು. ಆದರೆ ಖರ್ಚಿಲ್ಲದ, ದಿನನಿತ್ಯದ ಕೆಲಸಕ್ಕೆ ನೇರವಾಗಿ ಒದಗುವ, ಹಿಂದೆ ಬಿದ್ದರೂ ಆಸನವೇ ಹಿಡಿದುಕೊಳ್ಳುವ ಬೇರೊಂದು ಆಯ್ಕೆ ಇಲ್ಲ.

ಮರದ ಅಥವಾ ಕಬ್ಬಿಣದ ಕುರ್ಚಿ ಇರಲಿ. ಪ್ಲಾಸ್ಟಿಕ್ ಕುರ್ಚಿ ಬೇಡ. ನುಣುಪು ಟೈಲ್ಸ್ ಮೇಲೆ ಅದರ ಕಾಲು ಅಗಲಿಸಿಕೊಂಡು ಜಾರುತ್ತದೆ. ಕಾಲುಚೀಲವೂ ಬೇಡ, ಬರಿಗಾಲು ಅಥವಾ ರಬ್ಬರ್ ತಳದ ಶೂ. ಆಸನದ ಮುಂದಿನ ಅರ್ಧಕ್ಕೆ ಬಂದು ಕೂತು, ಪಾದಗಳನ್ನು ಸೊಂಟದಗಲ ಇಟ್ಟು, ಹಿಮ್ಮಡಿಯನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ. ಎದೆ ಮುಂದೆ ಬಾಗಿಸಿ, ಉಸಿರು ಬಿಡುತ್ತಾ, ಒಂದೇ ಏಟಿಗೆ ಏಳಿ. ಒಂದು ಸೆಕೆಂಡು ನೆಟ್ಟಗೆ ನಿಲ್ಲಿ. ಮನಸ್ಸಿನಲ್ಲೇ ಮೂರು ಎಣಿಸುತ್ತಾ ಕೂರಿ. ಆರರಿಂದ ಎಂಟು ಸಲ ಒಂದು ಸೆಟ್. ಒಂದೂವರೆ ಎರಡು ನಿಮಿಷ ವಿಶ್ರಾಂತಿ. ಒಟ್ಟು ಮೂರು ಸೆಟ್. ವಾರಕ್ಕೆ ಎರಡು ದಿನ, ನಡುವೆ ಎರಡು ದಿನ ಬಿಡುವು.

ಇಲ್ಲಿ ಎಲ್ಲರೂ ಎಡವುವ ಜಾಗ ಎಣಿಕೆ. "ಇವತ್ತು ಮೂವತ್ತು ಮಾಡಿದೆ" ಎಂಬ ಹೆಮ್ಮೆ ಪವರ್‌ಗೆ ಶತ್ರು. ಏಳುವ ವೇಗ ಕಣ್ಣಿಗೆ ಕಾಣುವಷ್ಟು ತಗ್ಗಿದರೆ ಐದಕ್ಕೇ ಆಗಲಿ ಆ ಸೆಟ್ ಮುಗಿಯಿತು. ಸುಸ್ತಾದ ಮೇಲೆ ಮಾಡುವುದು ಸುಸ್ತಿನ ಅಭ್ಯಾಸ, ವೇಗದ್ದಲ್ಲ. ಅದಕ್ಕೇ ವಾಕಿಂಗ್ ಮುಗಿಸಿ ಬಂದು ಇದನ್ನು ಮಾಡುವುದಕ್ಕಿಂತ ಐದು ನಿಮಿಷ ಮೈ ಬೆಚ್ಚಗಾಗಿಸಿಕೊಂಡು ಇದನ್ನು ಮೊದಲು ಮುಗಿಸುವುದು ಮೇಲು.

ಎರಡನೆಯ ತಪ್ಪು ದೊಪ್ಪನೆ ಕೂರುವುದು. ಮೂಳೆ ತೆಳುವಾದವರಲ್ಲಿ ಆ ಹೊಡೆತ ಬೆನ್ನುಮೂಳೆಗೇ ಹೋಗುತ್ತದೆ, ಅದು ಕುಸಿಯಬಹುದು. ಇಳಿಯುವಾಗಿನ ಮೂರು ಎಣಿಕೆ ಶಾಸ್ತ್ರಕ್ಕೆ ಹೇಳಿದ್ದಲ್ಲ.

ಕೈ ಊರದೆ ಏಳಲಾಗದವರು ಆಸನ ಎತ್ತರಿಸಿಕೊಳ್ಳಬೇಕು. ಮಡಿಸಿದ ಗಟ್ಟಿ ಜಮಖಾನವೋ ಕಂಬಳಿಯೋ ಹಾಕಿ 50–55 ಸೆಂಟಿಮೀಟರ್‌ಗೆ ತನ್ನಿ. ಮೆತ್ತನೆ ದಿಂಬು ಪ್ರಯೋಜನವಿಲ್ಲ, ಕೂತೊಡನೆ ಕುಸಿಯುತ್ತದೆ. ಆ ಎತ್ತರದಿಂದ ಎಂಟು ಸಲ ಚುರುಕಾಗಿ ಎದ್ದರೆ ಒಂದು ಮಡಿಕೆ ತೆಗೆಯಿರಿ. ಹೀಗೆ ವಾರಕ್ಕೋ ಎರಡು ವಾರಕ್ಕೋ ಎರಡು ಮೂರು ಸೆಂಟಿಮೀಟರ್ ಇಳಿಸುತ್ತಾ ಬಂದರೆ ಅದೇ ಭಾರ ಏರಿಸಿದಂತೆ. ಸಲೀಸಾದವರು ಒಂದು ಕಿಲೊ ಅಕ್ಕಿಯ ಪೊಟ್ಟಣ ಎದೆಗೆ ಅವುಚಿಕೊಂಡು ಏಳಲಿ, ಆಮೇಲೆ ಎರಡು.

ಕುರ್ಚಿಯ ಕೊರತೆ ಪಾದದ ಕೀಲು. ಮೀನಖಂಡಕ್ಕೆ ಇದರಲ್ಲಿ ಕೆಲಸ ಕಡಿಮೆ, ಆದರೆ ನಡಿಗೆಯಲ್ಲಿ ಮೈಯನ್ನು ಮುಂದಕ್ಕೆ ತಳ್ಳುವುದು ಅದೇ. ಅಡುಗೆಮನೆ ಕಟ್ಟೆ ಹಿಡಿದು, ಚಟ್ಟನೆ ತುದಿಗಾಲಲ್ಲಿ ಎದ್ದು ನಿಧಾನ ಇಳಿಯುವುದನ್ನು ಹತ್ತು ಸಲ ಸೇರಿಸಿಕೊಳ್ಳಿ.

## ಮೆಟ್ಟಿಲು ಮತ್ತು ತೂಕದ ಜಾಕೆಟ್

ಕುರ್ಚಿ ಹಗುರವಾದವರ ಮುಂದಿನ ಹೆಜ್ಜೆ ಇದು. ಒಂದೊಂದೇ ಕಾಲಿನ ಮೇಲೆ ಪೂರ್ತಿ ಭಾರ ಬೀಳುವುದರಿಂದ ಬಸ್ಸು ಹತ್ತುವುದಕ್ಕೆ, ಚರಂಡಿ ದಾಟುವುದಕ್ಕೆ ಇದು ಕುರ್ಚಿಗಿಂತ ಹತ್ತಿರ. ಮಹಡಿ ಪೂರ್ತಿ ಹತ್ತಬೇಕಿಲ್ಲ. 15–17 ಸೆಂಟಿಮೀಟರ್ ಎತ್ತರದ ಕೆಳಗಿನ ಒಂದು ಮೆಟ್ಟಿಲು ಸಾಕು. ಕೈ ಕಂಬಿಯ ಮೇಲಿರಲಿ, ಎಳೆದುಕೊಳ್ಳುವುದಕ್ಕಲ್ಲ, ಆಸರೆಗೆ. ಬಲಗಾಲಿಟ್ಟು ರಭಸದಿಂದ ಏರಿ, ನಿಧಾನ ಹಿಂದಕ್ಕೆ ಇಳಿಯಿರಿ. ಒಂದು ಕಾಲಿಗೆ ಆರು ಸಲ, ಆಮೇಲೆ ಇನ್ನೊಂದು. ನೆಲದಲ್ಲಿರುವ ಕಾಲಿನಿಂದ ಜಿಗಿದು ಏರುವುದು ಸಾಮಾನ್ಯ ಕಳ್ಳಾಟ. ಕೆಳಗಿನ ಪಾದದ ಬೆರಳನ್ನು ಮೇಲೆತ್ತಿಕೊಂಡರೆ ಆ ಆಟ ನಡೆಯುವುದಿಲ್ಲ.

ಮೆಟ್ಟಿಲಿನ ಅಪಾಯ ಹೆಚ್ಚಾಗಿ ಇಳಿಯುವಾಗ. ದೂರಕ್ಕೂ ಓದುವುದಕ್ಕೂ ಒಂದೇ ಆದ (ಬೈಫೋಕಲ್) ಕನ್ನಡಕದವರಿಗೆ ಮೆಟ್ಟಿಲಿನ ಅಂಚು ಮಸುಕಾಗಿ ಕಾಣುತ್ತದೆ. ಅಂಥವರು ಒಂದೇ ಮೆಟ್ಟಿಲಲ್ಲಿ ಮಾಡಲಿ.

ಭಾರ ಏರಿಸಲು ತೂಕದ ಜಾಕೆಟ್ ಒಳ್ಳೆಯದು. ಚಿಕ್ಕಚಿಕ್ಕ ತೂಕ ಹಾಕಿ ತೆಗೆಯುವಂಥದ್ದು ಆನ್‌ಲೈನಿನಲ್ಲಿ ಸಿಗುತ್ತದೆ. ದೇಹತೂಕದ ಶೇ 2ರಿಂದ ಶುರು ಮಾಡುವುದು ವಾಡಿಕೆ: 60 ಕಿಲೊದವರಿಗೆ 1.2 ಕಿಲೊ. ಮೂರೂ ಸೆಟ್ ವೇಗ ತಗ್ಗದೆ ಮುಗಿದರೆ ಮತ್ತೆ ಶೇ 2 ಸೇರಿಸಿ. ಸ್ಕೂಲ್ ಬ್ಯಾಗಿಗೆ ಅಕ್ಕಿ ತುಂಬಿಕೊಂಡರೆ ದುಡ್ಡು ಉಳಿಯುತ್ತದೆ ನಿಜ, ಆದರೆ ಅದು ಮೈಯನ್ನು ಹಿಂದಕ್ಕೆ ಜಗ್ಗುತ್ತದೆ, ಏರುವಾಗ ಅಲ್ಲಾಡುತ್ತದೆ. ಬ್ಯಾಗನ್ನೇ ಬಳಸುವುದಾದರೆ ಎದೆಯ ಮೇಲೆ ಮುಂಭಾಗಕ್ಕೆ ಹಾಕಿ, ಪಟ್ಟಿ ಬಿಗಿಮಾಡಿ. ಬೆನ್ನುಮೂಳೆ ಒಮ್ಮೆ ಕುಸಿದವರಿಗೆ ಎರಡೂ ಬೇಡ.

## ರಬ್ಬರ್ ಬ್ಯಾಂಡ್

ಅಗ್ಗ, ಹಗುರ, ಮಕ್ಕಳ ಮನೆಗೆ ಹೋಗುವಾಗ ಬ್ಯಾಗಿನಲ್ಲಿ ಹಿಡಿಯುತ್ತದೆ. ಕೆಲವು ನೂರು ರೂಪಾಯಿಗೆ ಮೂರು ನಾಲ್ಕು ಬಣ್ಣದ ಸೆಟ್ ಬರುತ್ತದೆ. ಆದರೆ ಪವರ್ ದೃಷ್ಟಿಯಲ್ಲಿ ಇದರ ಗುಣ ತಿರುಗುಮುರುಗು: ಎಳೆದಷ್ಟೂ ಬಿಗಿಯಾಗುತ್ತದೆ. ಶುರುವಿನಲ್ಲಿ ಹಗುರ, ಕೊನೆಯಲ್ಲಿ ಭಾರ. ಹಾಗಾಗಿ ವೇಗ ಕೊನೆಯಲ್ಲಿ ತಾನಾಗಿಯೇ ತಗ್ಗಿ ಕೀಲಿಗೆ ಹೊಡೆತ ಬೀಳುವುದಿಲ್ಲ, ಅದು ಲಾಭ. ಬಿಟ್ಟೊಡನೆ ಬ್ಯಾಂಡು ಕಾಲನ್ನು ಚಿಮ್ಮಿ ಹಿಂದಕ್ಕೆಳೆಯುತ್ತದೆ, ಅದು ನಷ್ಟ. ಭಾರ ಎಷ್ಟೆಂದು ಬರೆದಿಡುವುದೂ ಕಷ್ಟ, ಬಣ್ಣದ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಒಂದೇ ಕಂಪನಿಯದನ್ನೇ ಕೊಳ್ಳಿ, ಹಿಡಿಯುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ.

ಕೂತು ಪಾದಕ್ಕೆ ಸಿಕ್ಕಿಸಿ ಮುಂದಕ್ಕೆ ಒದೆಯುವಾಗ ಬ್ಯಾಂಡು ಜಾರಿದರೆ ನೇರ ಕಣ್ಣಿಗೆ ಬಡಿಯುತ್ತದೆ. ಅಂಗಾಲಿನ ನಡುವೆ ಒಂದು ಸುತ್ತು ಸುತ್ತಿಯೇ ಮಾಡಬೇಕು. ಬಿಸಿಲಿಗೆ ಬಿದ್ದ ರಬ್ಬರು ಬಿರಿಯುತ್ತದೆ. ಚಿಕ್ಕ ಸೀಳು ಕಂಡರೂ ಎಸೆಯಿರಿ. ನಿಲ್ಲಲಾಗದವರಿಗೆ, ಮಂಚದ ಮೇಲೇ ಕಾಲ ಕಳೆಯುವವರಿಗೆ, ಕೈ ಮತ್ತು ಬೆನ್ನಿನ ಎಳೆತಕ್ಕೆ ಬ್ಯಾಂಡ್ ಸರಿಯಾದ ಆಯ್ಕೆ. ನಡೆದಾಡುವವರ ಕಾಲಿಗೆ ಕುರ್ಚಿಯೇ ಇದಕ್ಕಿಂತ ಮೇಲು.

## ಜಿಮ್ಮಿನ ಲೆಗ್ ಪ್ರೆಸ್

ಕೂತು ಪಾದಗಳಿಂದ ಭಾರವನ್ನು ತಳ್ಳುವ ಯಂತ್ರ ಇದು. ಬೆನ್ನಿಗೆ ಆಸರೆ, ಬೀಳುವ ಭಯವಿಲ್ಲ, ಭಾರ ಕಿಲೊ ಲೆಕ್ಕದಲ್ಲಿ ಕಣ್ಣಮುಂದೆ. ದುಡ್ಡು ಮತ್ತು ಓಡಾಟ ಎರಡೂ ಆಗುವವರಿಗೆ ಇದಕ್ಕಿಂತ ನಿಖರವಾದದ್ದು ಕಷ್ಟ. ಅಧ್ಯಯನಗಳಲ್ಲಿ ಬಳಸುವ ಕೈಸರ್ ಕಂಪನಿಯಂಥ ಗಾಳಿ ಒತ್ತಡದ ಯಂತ್ರಗಳಲ್ಲಿ ಕೊನೆಯವರೆಗೂ ವೇಗವಾಗಿ ತಳ್ಳಬಹುದು. ನಮ್ಮ ಬಡಾವಣೆಯ ಜಿಮ್‌ಗಳಲ್ಲಿರುವುದು ಕಬ್ಬಿಣದ ಬಿಲ್ಲೆಯ ಯಂತ್ರ. ಭಾರ ತೀರಾ ಹಗುರವಾದರೆ ಬಿಲ್ಲೆಗಳು ಮೇಲಕ್ಕೆ ಹಾರಿ ಟಣ್ ಎಂದು ಬೀಳುತ್ತವೆ. ಆ ಸದ್ದು ಕೇಳಿದರೆ ಒಂದು ಬಿಲ್ಲೆ ಸೇರಿಸಿ.

ಗರಿಷ್ಠ ಭಾರ ಎತ್ತಿಸಿ ನೋಡಬೇಕಾಗಿಲ್ಲ. ನಿಧಾನವಾಗಿ, ಸರಿಯಾಗಿ, ಹತ್ತೇ ಸಲ ಮಾಡಲಾಗುವ ಭಾರ ಗರಿಷ್ಠದ ಮುಕ್ಕಾಲು ಭಾಗದಷ್ಟಿರುತ್ತದೆ. ಅದು 60 ಕಿಲೊ ಆದರೆ ಗರಿಷ್ಠ ಸುಮಾರು 80. ಪವರ್‌ಗೆ ಅದರ ಅರ್ಧ, 40 ಕಿಲೊ ಇಟ್ಟುಕೊಳ್ಳಿ. ಮೊದಲ ಮೂರು ವಾರ ನಿಧಾನವಾಗಿ ಕಲಿತು ಆಮೇಲೆ ವೇಗ. ಮಂಡಿ 90 ಡಿಗ್ರಿ ಆಸುಪಾಸಿನಲ್ಲಿ ಮಡಿಸುವಂತೆ ಸೀಟು ಹೊಂದಿಸಿ, ಕೊನೆಯಲ್ಲಿ ಮಂಡಿಯನ್ನು ಕಟಕ್ಕನೆ ಬಿಗಿಯಬೇಡಿ. ಅದೇ ಯಂತ್ರದಲ್ಲಿ ಮುಂಗಾಲಿನಿಂದ ತಳ್ಳಿದರೆ ಮೀನಖಂಡದ ಕೆಲಸವೂ ಆಯಿತು.

ತೊಡಕು ಹೆಚ್ಚಾಗಿ ತರಬೇತುದಾರರದು. ಹಿರಿಯರನ್ನು ಕಂಡೊಡನೆ "ಅಂಕಲ್, ನಿಧಾನ, ನಿಧಾನ" ಎನ್ನುವವರೇ ಜಾಸ್ತಿ. ಅವರ ಕಾಳಜಿ ತಪ್ಪಲ್ಲ. ಸೇರುವ ಮೊದಲೇ ‘ತಳ್ಳುವಾಗ ಬೇಗ, ಬಿಡುವಾಗ ನಿಧಾನ, ಗರಿಷ್ಠದ ಅರ್ಧ ಭಾರ, ಎಂಟು ಸಲ’ ಎಂದು ಚೀಟಿ ಬರೆದು ಕೊಡಿ. ಅದಕ್ಕೆ ಒಪ್ಪದ ಜಿಮ್‌ಗೆ ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ.

## ಉಳಿದವು, ಚುಟುಕಾಗಿ

ಮೆಡಿಸಿನ್ ಬಾಲ್ ಎಸೆತ ಕೈಗೆ, ಎದೆಗೆ ಒಳ್ಳೆಯದು. ಚೆಂಡು ಕೈಬಿಟ್ಟು ಹೋಗುವುದರಿಂದ ಬ್ರೇಕ್ ಹಾಕುವ ಪ್ರಮೇಯವೇ ಇಲ್ಲ. ಪುಟಿಯದ, ಮರಳು ತುಂಬಿದ 1–2 ಕಿಲೊದ್ದು ತನ್ನಿ. ಪುಟಿಯುವುದು ಮುಖಕ್ಕೇ ವಾಪಸಾಗುತ್ತದೆ. ಕಾಲಿಗೆ ಇದರಿಂದ ಹೇಳಿಕೊಳ್ಳುವ ಲಾಭವಿಲ್ಲ, ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರ ಲೆಕ್ಕವೂ ಇದೆ.

ನೀರಿನಲ್ಲಿ ಬೇಗ ತಳ್ಳಿದಷ್ಟೂ ತಡೆ ಹೆಚ್ಚು, ಕೀಲಿಗೆ ಹೊಡೆತ ಇಲ್ಲ. ಮಂಡಿ ನೋವಿನವರಿಗೆ ವರ. ಈಜುಕೊಳ ಹತ್ತಿರವಿದ್ದರೆ ಮಾತ್ರ; ಕೊಳದ ಸುತ್ತಲಿನ ಒದ್ದೆ ನೆಲದ ಎಚ್ಚರ ಇರಲಿ.

ಜಿಗಿತ ಅರವತ್ತರ ಆಸುಪಾಸಿನ, ಮಂಡಿ ಚೆನ್ನಾಗಿರುವ, ಈಗಾಗಲೇ ಕಸರತ್ತು ರೂಢಿಯಿರುವವರಿಗೆ. ಆಸ್ಟ್ರೇಲಿಯಾದಲ್ಲಿ ಮೂಳೆ ತೆಳುವಾದ ಮಹಿಳೆಯರಿಗೂ ಎಂಟು ತಿಂಗಳು, ವಾರಕ್ಕೆರಡು ಸಲ, ಅರ್ಧ ಗಂಟೆ ಭಾರ ಎತ್ತುವುದು ಮತ್ತು ಜಿಗಿದು ಇಳಿಯುವುದನ್ನು ಮಾಡಿಸಿ ಒಳ್ಳೆಯ ಫಲ ಕಂಡಿದ್ದಾರೆ. ಆದರೆ ಅದು ನುರಿತವರ ಕಣ್ಣೆದುರಿನಲ್ಲಿ ನಡೆದದ್ದು. ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡುವಂಥದ್ದಲ್ಲ. ಕೆಮ್ಮಿದಾಗ, ಜಿಗಿದಾಗ ಮೂತ್ರ ಸೋರುವವರು (ಹೇಳಿಕೊಳ್ಳಲು ಸಂಕೋಚಪಡುವವರೇ ಹೆಚ್ಚು) ಮೊದಲು ಅದಕ್ಕೆ ಚಿಕಿತ್ಸೆ ಪಡೆಯಲಿ.

ಗರಡಿಮನೆಯ ಬಸ್ಕಿ ಕೂಡ ರಭಸದ ಕಸರತ್ತೇ. ಆದರೆ ತುದಿಗಾಲಲ್ಲಿ ಪೂರ್ತಿ ಕುಕ್ಕರಗಾಲಿಗಿಳಿದು ಏಳುವುದು ಸವೆದ ಮಂಡಿಗೆ ಹೊರೆ. ಯೌವನದಿಂದ ಬಿಡದೆ ಮಾಡುತ್ತಾ ಬಂದವರು ಬೇರೆ; ಎಪ್ಪತ್ತರಲ್ಲಿ ಹೊಸದಾಗಿ ಶುರು ಮಾಡುವುದು ಬೇರೆ.

## ನಿಧಾನವಾಗಿ ಎತ್ತುವುದು ವ್ಯರ್ಥವೇ?

ಅಲ್ಲ. ವೇಗದ ತರಬೇತಿ ಮತ್ತು ಮಾಮೂಲಿ ಬಲದ ತರಬೇತಿ ಎರಡನ್ನೂ ಹೋಲಿಸಿದ 20 ಪ್ರಯೋಗಗಳನ್ನು, ಒಟ್ಟು 566 ಹಿರಿಯರನ್ನು ಒಟ್ಟುಗೂಡಿಸಿ 2022ರಲ್ಲಿ ವಿಶ್ಲೇಷಣೆ ಬಂತು. ಏಳುವುದು, ನಡೆಯುವುದು, ಹತ್ತುವುದರಲ್ಲಿ ವೇಗದ ತರಬೇತಿ ತುಸು ಮುಂದಿತ್ತು. ಆದರೆ ಅಂತರ ಸಾಧಾರಣ, ಪುರಾವೆಯ ಗಟ್ಟಿತನವೂ ಕಡಿಮೆ ಎಂದು ಬರೆದವರೇ ಒಪ್ಪಿಕೊಂಡಿದ್ದಾರೆ. ಆದ್ದರಿಂದ ಈಗಾಗಲೇ ನಿಧಾನವಾಗಿ ಭಾರ ಎತ್ತುವವರು ಅದನ್ನು ಬಿಡಬೇಕಿಲ್ಲ; ವಾರದ ಎರಡು ದಿನದಲ್ಲಿ ಒಂದನ್ನು ಹಗುರ ಮಾಡಿ ವೇಗಕ್ಕೆ ಕೊಡಿ. ನೋವಿನಿಂದಾಗಿ ಬೇಗ ಮಾಡಲಾಗದವರಿಗೆ ನಿಧಾನದ್ದೇ ಸರಿ.

## ಯಾರಿಗೆ ಯಾವುದು

ಕೈ ಊರದೆ ಏಳಲಾಗದ 78ರ ಅಮ್ಮನಿಗೆ ಎತ್ತರಿಸಿದ ಕುರ್ಚಿ, ಎರಡು ತಿಂಗಳು ಬೇರೇನೂ ಬೇಡ. ದುಡ್ಡು ಖರ್ಚು ಮಾಡುವುದೇ ಆದರೆ ಮೊದಲ ಎರಡು ಮೂರು ಸಲ ಫಿಸಿಯೊಥೆರಪಿಸ್ಟರನ್ನು ಮನೆಗೆ ಕರೆಸಲು ಮಾಡಿ. ಮೇಲೆ ಹೇಳಿದ ಅಪ್ಪನಂಥವರಿಗೆ ಆರು ವಾರ ಕುರ್ಚಿ ಮತ್ತು ತುದಿಗಾಲು, ಆಮೇಲೆ ಮೆಟ್ಟಿಲು, ಅದೂ ಸಲೀಸಾದರೆ ಜಾಕೆಟ್, ಜಿಮ್ ಅಗತ್ಯವಿಲ್ಲ. ಒಬ್ಬರೇ ಮಾಡಲು ಬೇಸರ ಎನ್ನುವವರಿಗೆ ಮಾತ್ರ ಜಿಮ್‌ನ ಫೀಸು ದಂಡವಲ್ಲ, ಜೊತೆಗಾರರು ಸಿಗುತ್ತಾರೆ. ಮಂಡಿ ಸವೆತದವರು ಲೆಗ್ ಪ್ರೆಸ್‌ನಲ್ಲಿ ನೋಯದಷ್ಟೇ ಮಡಿಸಿ ಮಾಡಲಿ, ಇಲ್ಲವೇ ಎತ್ತರದ ಕುರ್ಚಿ. ಮಾಡುವಾಗ ಹತ್ತಕ್ಕೆ ಮೂರರಷ್ಟು ನೋವು ಪರವಾಗಿಲ್ಲ. ಮರುದಿನ ಬೆಳಿಗ್ಗೆಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು.

ಇತ್ತೀಚೆಗೆ ಹೃದಯಾಘಾತವಾದವರು, ನಡೆದರೆ ಎದೆನೋವು ಬರುವವರು, ಹೃದಯದ ಕವಾಟ ಕಿರಿದಾದವರು, ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ (ಮಹಾಪಧಮನಿ) ಉಬ್ಬಿದವರು, ರಕ್ತದೊತ್ತಡ 180/110 ದಾಟುತ್ತಿರುವವರು, ಹರ್ನಿಯಾ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆ ಹೊಸದಾಗಿ ಆದವರು ವೈದ್ಯರು ಹೇಳುವವರೆಗೆ ಇದ್ಯಾವುದನ್ನೂ ಶುರು ಮಾಡಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು. ಬಿಪಿ ಮಾತ್ರೆಯವರಿಗೆ ಎದ್ದಾಗ ತಲೆ ತಿರುಗಿದರೆ ಅಲ್ಲೇ ಕೂತು, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಹೇಳಿ. ಉಸಿರು ಬಿಗಿಹಿಡಿದು ಏಳುವ ಅಭ್ಯಾಸ ಯಾರಿಗೂ ಬೇಡ, ಒತ್ತಡ ಒಮ್ಮೆಲೇ ಏರುತ್ತದೆ.

ನಾಲ್ಕು ವಾರಕ್ಕೊಮ್ಮೆ ಅದೇ ಕುರ್ಚಿ, ಅದೇ ಜಾಗ, ಅದೇ ಹೊತ್ತಿನಲ್ಲಿ ಐದು ಸಲದ ಪರೀಕ್ಷೆ ಮಾಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಎರಡು ಸಲ ನೋಡಿದರೂ ಸೆಕೆಂಡು ಇಳಿಯದಿದ್ದರೆ ಮೊದಲು ನೋಡಬೇಕಾದದ್ದು ಸಲಕರಣೆಯನ್ನಲ್ಲ. ಏಳುವಾಗ ನಿಜವಾಗಿ ವೇಗವಿದೆಯೇ ಎಂದು ಮಗನೋ ಮಗಳೋ ಪಕ್ಕದಿಂದ ವಿಡಿಯೊ ಮಾಡಿ ನೋಡಲಿ. ಅದು ಸರಿಯಿದ್ದರೆ ತಟ್ಟೆ ನೋಡಿ. ಮೂತ್ರಪಿಂಡದ ತೊಂದರೆ ಇಲ್ಲದ ಹಿರಿಯರಿಗೆ ದಿನಕ್ಕೆ ಕಿಲೊ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕು, 60 ಕಿಲೊದವರಿಗೆ 60–72 ಗ್ರಾಂ. ಬೆಳಿಗ್ಗೆ ಎರಡು ಇಡ್ಲಿ, ರಾತ್ರಿ ತಿಳಿಸಾರು ಅನ್ನದಲ್ಲಿ ಅದು ಬರುವುದಿಲ್ಲ. ಗಟ್ಟಿ ಬೇಳೆ, ಹುರುಳಿ ಅಥವಾ ಕಡಲೆ ಉಸಲಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ದಿನಾ ಸೇರಬೇಕು. ಎರಡೂ ಸರಿಯಿದ್ದು ಸಮಯ ಇಳಿಯದಿದ್ದರೆ ಆಗ ಭಾರ ಏರಿಸಿ, ಅಥವಾ ಕುರ್ಚಿಯಿಂದ ಮೆಟ್ಟಿಲಿಗೆ ಹೋಗಿ.